ಬೆಳದಿಂಗಳು ಬಂದ ಪುಟ

ರಾಯಚೂರಿನ ಬಸ್ಸು ಗಡಿ ದಾಟಿ ನಾರಾಯಣಪೇಟೆಯಲ್ಲಿ ನನ್ನನ್ನು ಇಳಿಸಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ನಮ್ಮ ಓಣಿಯ ತಿರುವಿಗೆ ಬರುತ್ತಿದ್ದಂತೆ ಗಂಜಿಯ ವಾಸನೆ ಬಂತು. ಬೆಳಗಿನ ಹೊತ್ತು ನೇಕಾರರು ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಬೀದಿಯುದ್ದ ಚಾಚಿ ಗಂಜಿ ಹಚ್ಚುತ್ತಾರೆ. ಅದರ ಹುಳಿ ವಾಸನೆ ಮಧ್ಯಾಹ್ನದವರೆಗೂ ಓಣಿ ಬಿಡುವುದಿಲ್ಲ. ಊರಿಗೆ ಬಂದವರಿಗೆ ಈ ವಾಸನೆಯಿಂದ ಮನೆ ನೆನಪಾಗಬೇಕು, ಅವ್ವನ ಕೈಯಡುಗೆ ನೆನಪಾಗಬೇಕು. ನನಗೆ ಒಂದು ಕಾದಂಬರಿ ನೆನಪಾಗುತ್ತದೆ. ಕಾದಂಬರಿ ನೆನಪಾದ ಬೆನ್ನಿಗೇ ಸಿಟ್ಟು ಬರುತ್ತದೆ. ಅವತ್ತು ಆ ಕಾದಂಬರಿಯ ಒಂದು ಪ್ರತಿ ನನ್ನ ಚೀಲದಲ್ಲೇ ಇತ್ತು. ಬಿ.ಎಡ್. ಓದುತ್ತಿದ್ದ ನನ್ನನ್ನು ಪಾಠ ಮಾಡುವ ಅಭ್ಯಾಸಕ್ಕೆಂದು ನಾನು ಕಲಿತ ಶಾಲೆಗೇ ಹಾಕಿದ್ದರು.

ಆ ಕಾದಂಬರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನು ಓದಿ ಕಣ್ಣೀರು ಹಾಕಿದವರೆಲ್ಲ ನನ್ನ ಮೇಲೆ ಜಗಳಕ್ಕೆ ಬಂದಾರು. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಮೇಲೆ ವಿಮರ್ಶೆ ಬರೆಯಲು ಹೇಳಿದ್ದರು. ಪುಸ್ತಕ ಓದಿ ವಿಮರ್ಶೆ ಬರೆದರೆ ಶಾಲೆಯಲ್ಲೇ ಕೊಡುವ ಅಂಕಗಳಿದ್ದವು. ಆದರೆ ಓದುವುದಕ್ಕೆ ಪುಸ್ತಕ ಬೇಕಲ್ಲ. ನಮ್ಮೂರಿನಲ್ಲಿ ತೆಲುಗು ಪುಸ್ತಕ ಬೇಕೆಂದರೆ ಸಿಗುತ್ತದೆ, ಇಂಗ್ಲಿಷ್ ಗೈಡು ಬೇಕೆಂದರೆ ಸಿಗುತ್ತದೆ. ಕನ್ನಡ ಕಾದಂಬರಿ ಬೇಕೆಂದರೆ ರಾಯಚೂರಿಗೆ ಹೋಗಬೇಕು. ಶಾಲೆಯ ಬೀರುವಿನಲ್ಲಿ ಇದ್ದದ್ದು ಒಂದೇ ಪ್ರತಿ.

ಗುರುರಾಜ ಸರ್ ನಮ್ಮ ಕನ್ನಡ ಮಾಸ್ತರರು. ಮಕ್ತಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅರ್ಚಕರ ಮನೆತನ; ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ಅಂಥವರು ಮೃಗಶಿರ ಮಳೆಯ ಒಂದು ಬೆಳಿಗ್ಗೆ ಆ ಪುಸ್ತಕವನ್ನು ಮೇಜಿನ ಮೇಲಿಟ್ಟು, "ತಾಯಿ ಸರಸ್ವತಿ, ತಪ್ಪು ತಿಳೀಬ್ಯಾಡವ್ವ" ಎಂದು ಕೈಮುಗಿದು, ಬ್ಲೇಡಿನಿಂದ ಅದರ ಬೆನ್ನು ಸೀಳಿದರಂತೆ. ಹೊಲಿಗೆ ಬಿಚ್ಚಿ ಪುಸ್ತಕವನ್ನು ಕಟ್ಟು ಕಟ್ಟಾಗಿ ಬೇರೆ ಮಾಡಿ, ಮೊದಲ ಬೆಂಚಿಗೆ ಮೊದಲ ಕಟ್ಟು, ಎರಡನೆಯದಕ್ಕೆ ಎರಡನೆಯದು ಎಂದು ಹಂಚಿದರು. ಕೆಲವು ವಾರ ಓದಿ, ನೋಟು ಮಾಡಿಕೊಂಡು, ನಮ್ಮ ಕಟ್ಟನ್ನು ಮುಂದಿನ ಬೆಂಚಿನವರಿಗೆ ಕೊಟ್ಟು ಹಿಂದಿನವರಿಂದ ಅದರ ಮುಂದಿನ ಭಾಗ ಇಸಿದುಕೊಳ್ಳಬೇಕು. ಹೀಗೆ ಎಲ್ಲರಿಗೂ ಕತೆ ಮುಂದುವರಿಯುತ್ತ ಹೋಗುತ್ತದೆ ಎಂಬುದು ಅವರ ಲೆಕ್ಕ.

ಅವತ್ತು ನಾನು ಶಾಲೆಗೆ ತಡವಾಗಿ ಹೋದೆ. ಕಾರಣ ಪದ್ಮಕ್ಕ. ಗದ್ವಾಲಕ್ಕೆ ಮದುವೆ ಮಾಡಿ ಕೊಟ್ಟಿದ್ದ ನನ್ನ ಅಕ್ಕ ಅವತ್ತು ಬೆಳಿಗ್ಗೆ ಒಂದು ಕೈಚೀಲ ಹಿಡಿದುಕೊಂಡು ಒಬ್ಬಳೇ ಬಂದು ಬಾಗಿಲಲ್ಲಿ ನಿಂತಿದ್ದಳು. ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದಿದ್ದಳು. ಅವ್ವ ಸೆರಗು ಸರಿಸಿದಾಗ ಗೊತ್ತಾಯಿತು, ಒಂದು ಕಿವಿಯಲ್ಲಿ ಓಲೆ ಇರಲಿಲ್ಲ. ಓಲೆ ಇರಬೇಕಾದ ಜಾಗವೂ ಇರಲಿಲ್ಲ. ತೂತು ಕೆಳಗಿನವರೆಗೆ ಹರಿದು ಎರಡಾಗಿತ್ತು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದವರು ಲಾಳಿ ಹಾಗೇ ಹಿಡಿದುಕೊಂಡು ನೋಡಿದರು. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಮತ್ತೆ ಶುರುವಾಯಿತು. ಆ ಸದ್ದು ಕೇಳಿ ಅವತ್ತು ನನಗೆ ಬಂದ ಸಿಟ್ಟು, ಆ ವರ್ಷದ ಮೊದಲ ಸಿಟ್ಟು.

ಹಾಗಾಗಿ ಶಾಲೆ ಮುಟ್ಟಿದಾಗ ಹಂಚಿಕೆ ಮುಗಿದಿತ್ತು. ಉಳಿದದ್ದು ಕೊನೆಯ ಬೆಂಚು ಮತ್ತು ಕೊನೆಯ ಕಟ್ಟು.

"ಸರ್, ಇದು ಮುಕ್ತಾಯ ಐತ್ರಿ. ನಾ ಮೊದಲ ಇದನ್ನ ಹ್ಯಾಂಗ ಓದ್ಲಿ?" ಎಂದೆ.

"ಓದವ್ವ ರೇಣುಕಾ. ಮುಂದಿನ ಪಾಳಿಗೆ ನಿನಗ ಮೊದಲನೇದು ಬರ್ತೈತಿ. ಸುತ್ತು ತಿರುಗಿ ಎಲ್ಲ ಕೂಡತೈತಿ" ಎಂದರು.

ಮನೆಗೆ ತಂದು ಓದಿದೆ. ನಳಿನಿ ಎಂಬ ಒಬ್ಬಳು ಗಂಡನ ಮನೆಯಲ್ಲಿ ಜ್ವರ ಬಂದು ಸಾಯುತ್ತಿದ್ದಳು. ಯಾರು ಈ ನಳಿನಿ, ನನಗೇನು ಗೊತ್ತು? ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡ ಪಶ್ಚಾತ್ತಾಪ ಪಡುತ್ತಿದ್ದ. ಲೇಖಕರು "ಅವಳ ಮುಖದಲ್ಲಿ ದಿವ್ಯವಾದ ಶಾಂತಿಯಿತ್ತು" ಎಂದು ಮುಗಿಸಿದ್ದರು. ಮೊದಲಿನಿಂದ ಓದಿಕೊಂಡು ಬಂದವರು ಅಲ್ಲಿ ಅಳುತ್ತಾರೇನೋ. ನನಗೆ ಅಳುವಷ್ಟು ಪರಿಚಯವೇ ಇರಲಿಲ್ಲ. ಅಪರಿಚಿತ ಹೆಂಗಸೊಬ್ಬಳು ಸತ್ತಳು, ಸತ್ತದ್ದಕ್ಕೆ ಸುತ್ತಲಿನವರು ಅವಳನ್ನು ಹೊಗಳಿದರು, ಅಷ್ಟೇ ಕಂಡದ್ದು.

ಮಗ್ಗದ ಪಕ್ಕ ಕುಳಿತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಪದ್ಮಕ್ಕ, "ಏನಬೇ ಅದು, ಜೋರಾಗಿ ಓದು" ಎಂದಳು. ಓದಿದೆ. ಒಂದು ಕಡೆ, ತೌರಿಗೆ ಬಂದಿದ್ದ ನಳಿನಿ ತಾನಾಗಿಯೇ ಗಂಡನ ಮನೆಗೆ ಮರಳಿದ್ದಳು ಎಂಬ ಮಾತು ಬಂತು. ಅಕ್ಕನ ಕೈ ನಿಂತಿತು.

"ಯಾಕ ಹೋದ್ಳಂತ ವಾಪಸ್?"

"ಇದರಾಗ ಇಲ್ಲ. ಹಿಂದಿನ ಕಟ್ಟಿನ್ಯಾಗ ಇರ್ಬೇಕು."

"ಅದು ಯಾವಾಗ ಬರ್ತೈತಿ?"

ಲೆಕ್ಕ ಹಾಕಿ ನೋಡಿದೆ. ಅದು ನನ್ನ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ, ಸಂಕ್ರಾಂತಿಯ ಹೊತ್ತಿಗೆ. ಅಕ್ಕ ಮತ್ತೆ ಕಂಡಿಕೆ ಸುತ್ತತೊಡಗಿದಳು.

ಆ ಮಳೆಗಾಲ, ಆಮೇಲಿನ ಚಳಿಗಾಲ, ನಮ್ಮಿಬ್ಬರದ್ದೂ ಒಂದೇ ಓದು. ಮುಂದಿನ ಪಾಳಿಗೆ ಮೊದಲ ಕಟ್ಟು ಬಂತು. ನಳಿನಿ ಲಂಗ ತೊಟ್ಟು ಜೋಕಾಲಿ ಆಡುವ ಹುಡುಗಿಯಾಗಿ ಎದ್ದು ಬಂದಳು. ಅವಳು ನಕ್ಕರೆ ನಮಗೆ ಕರುಳು ಚುರುಕ್ ಎನ್ನುತ್ತಿತ್ತು. ಅಂಗಡಿಯಲ್ಲಿ ಸೀರೆ ನೋಡುವವರು ಮೊದಲು ಸೆರಗು ಬಿಚ್ಚಿಸಿ, ಅದು ಮನಸ್ಸಿಗೆ ಬಂದರೆ ಒಡಲು ನೋಡುತ್ತಾರೆ. ನಾವೂ ಹಾಗೆ ಸೆರಗನ್ನು ನೋಡಿಯೇ ಒಳಗೆ ಹೋಗಿದ್ದೆವು. ಹೀಗೆ ಓದಿದ್ದರಿಂದ ಒಂದು ಲಾಭವಾಯಿತು. ಲೇಖಕರು ಎಲ್ಲೆಲ್ಲಿ ಅವಳ ಸಾವಿಗೆ ತಯಾರಿ ಮಾಡುತ್ತಿದ್ದರೋ ಅದೆಲ್ಲ ನಮಗೆ ಕಾಣುತ್ತಿತ್ತು. ತರಗತಿಯಲ್ಲಿ ಎಲ್ಲರೂ ವಿಧಿ, ವಿಧಿ ಎಂದು ಬರೆಯುತ್ತಿದ್ದರು. "ಯಾವ ವಿಧಿಬೇ? ಈ ಮನಷ್ಯಾ ಮೊದಲ ಪುಟದಿಂದ ಆಕೀನ್ನ ಅಲ್ಲಿಗೇ ನೂಕಾಕತ್ತ್ಯಾನ" ಎನ್ನುತ್ತಿದ್ದಳು ಪದ್ಮಕ್ಕ. ಅವಳೂ ಹತ್ತನೆಯವರೆಗೆ ಇದೇ ಶಾಲೆಯಲ್ಲಿ ಓದಿದವಳು; ಅವಳ ಕಾಲಕ್ಕೆ ಬೇರೆ ಪುಸ್ತಕ ಇತ್ತು.

ಈ ನಡುವೆ ಓಣಿಯವರಿಗೆ ಒಂದೇ ಚಿಂತೆ. ನೀರಿಗೆ ಹೋದರೆ, ಹಿಟ್ಟಿನ ಗಿರಣಿಗೆ ಹೋದರೆ, "ಪದ್ಮಾ ಯಾವಾಗ ಹೋಗ್ತಾಳ?" ಹೂವಿನ ಗೋಪುರದ ಸುತ್ತ ಹೆಂಗಸರು ಹಾಡುತ್ತ ಕುಣಿಯುವ ಬತುಕಮ್ಮ ಹಬ್ಬಕ್ಕೆ ತಂಗಡಿ ಹೂ ಜೋಡಿಸಿಕೊಂಡು ಹೋದ ಅಕ್ಕ, ಹೆಂಗಸರ ಸುತ್ತಿನಲ್ಲಿ ಒಂದು ಹೆಜ್ಜೆ ಹಾಕುವುದರೊಳಗೆ ತಿರುಗಿ ಬಂದಳು. ಯಾರೋ ತೆಲುಗಿನಲ್ಲಿ, ಇನ್ನಾರೋ ಕನ್ನಡದಲ್ಲಿ, ಅದೇ ಪ್ರಶ್ನೆ ಕೇಳಿದ್ದರು. ಯಾಕೆ ಬಂದೆ ಎಂದು ಒಬ್ಬರೂ ಕೇಳಲಿಲ್ಲ. ಹರಿದ ಕಿವಿ ಎಲ್ಲರ ಕಣ್ಣೆದುರಿಗೇ ಇತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಸಂಕ್ರಾಂತಿ ಹತ್ತಿರ ಬಂದಾಗ ಆ ಕಟ್ಟು ಕೊನೆಗೂ ಕೈಗೆ ಬಂತು. ಅದೇ ವಾರ ಗದ್ವಾಲದಿಂದ ಸುದ್ದಿಯೂ ಬಂದಿತ್ತು: ಹಬ್ಬ ಮುಗಿದ ಮೇಲೆ ಬೀಗರು ಬರುತ್ತಾರೆ, ಹುಡುಗಿಯನ್ನು ಕರೆದುಕೊಂಡೇ ಹೋಗುತ್ತಾರೆ. ಸೋದರಮಾವ ಈರಣ್ಣ ಅದಕ್ಕೆ ಒಪ್ಪಿಗೆ ಕೊಟ್ಟಾಗಿತ್ತು. ಅಪ್ಪ ಒಪ್ಪಿದ್ದರೋ ಇಲ್ಲವೋ, ಅವರ ಬಾಯಿಂದ ಯಾರೂ ಕೇಳಲಿಲ್ಲ.

ಅಕ್ಕ ಕಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಓದಿದಳು. ನಳಿನಿ ತೌರಿನ ಹಿತ್ತಿಲಲ್ಲಿ ಕುಳಿತಿದ್ದಾಳೆ. ತಂದೆ ಬಂದು, "ಯೋಚಿಸು ಮಗಳೇ" ಎಂದು ಹೇಳಿ ಹೋಗುತ್ತಾನೆ. ಆಗ ಬೆಳದಿಂಗಳು ಬರುತ್ತದೆ. ಎಂಥ ಬೆಳದಿಂಗಳು! ಬಾಳೆಲೆಯ ಮೇಲೆ ಬೀಳುತ್ತದೆ, ತುಳಸಿಕಟ್ಟೆಯ ಮೇಲೆ ಬೀಳುತ್ತದೆ, ಮಲಗಿದ ಕರುವಿನ ಮೈಮೇಲೆ ಹಾಲಿನಂತೆ ಹರಿಯುತ್ತದೆ. ಎರಡು ಪುಟ ತುಂಬ ಬೆಳದಿಂಗಳು. ಅದು ಮುಗಿದು ಹೊಸ ಅಧ್ಯಾಯ ಶುರುವಾದರೆ, ನಳಿನಿ ಗಂಡನ ಮನೆಯ ಹೊಸ್ತಿಲಲ್ಲಿ ತಲೆತಗ್ಗಿಸಿ ನಿಂತಿದ್ದಾಳೆ.

ಅಕ್ಕ ಪುಟ ಹಿಂದಕ್ಕೆ ತಿರುವಿದಳು, ಮುಂದಕ್ಕೆ ತಿರುವಿದಳು. ಬೆಳಕಿಗೆ ಹಿಡಿದು ನೋಡಿದಳು.

"ಇಲ್ಲೊಂದು ಹಾಳಿ ಹೋಗೈತಿ" ಎಂದಳು. "ನಿಮ್ಮ ಸರ್ ಕತ್ತರಿಸುವಾಗ ಬಿದ್ದೈತಿ. ಹೋಗಿ ಇಸಗೊಂಡು ಬಾ."

ನನಗೂ ಅದರಲ್ಲಿ ಸಂಶಯ ಇರಲಿಲ್ಲ. ಓಡಿ ಹೋಗಿ ಬಸ್ಸಿಗೆ ಕಾಯುತ್ತಿದ್ದ ಸರ್ ಅವರನ್ನು ಹಿಡಿದೆ. ಅವರು ಪಾಪ, ಬಿಳಿಚಿಕೊಂಡರು. ಸರಸ್ವತಿಯ ಮೇಲೆ ಬ್ಲೇಡು ಹಾಕಿದ್ದಕ್ಕೆ ಶಿಕ್ಷೆಯಾಯಿತು ಎಂದೇ ಅವರಿಗೆ ಅನಿಸಿರಬೇಕು. ಬಸ್ಸು ಬಿಟ್ಟು ಶಾಲೆಗೆ ಮರಳಿ ಬೀರು ತೆಗೆದರು, ಮೇಜಿನ ಖಾನೆ ಜಾಲಾಡಿದರು, ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಆಮೇಲೆ ಕಟ್ಟನ್ನು ಇಸಿದುಕೊಂಡು ಪುಟಗಳ ಸಂಖ್ಯೆ ನೋಡಿದರು. ಬೆರಳಿಟ್ಟು ಒಂದೊಂದೇ ಓದಿದರು. ಎಲ್ಲ ಸರಿಯಾಗಿತ್ತು.

"ಹಾಳಿ ಹೋಗಿಲ್ಲವ್ವ," ಎಂದರು, ಉಸಿರು ಬಿಟ್ಟು. "ಅಷ್ಟ ಐತಿ."

"ಅಷ್ಟ ಅಂದ್ರ? ಆಕಿ ಯಾಕ ಹೋದ್ಳು ಅಂತ ಎಲ್ಲಿ ಐತ್ರಿ?"

ಸರ್ ಕನ್ನಡಕ ತೆಗೆದು ಒರೆಸಿದರು. ಆ ಕಾದಂಬರಿಯನ್ನು ಎಷ್ಟೋ ಸಲ ಓದಿದವರು ಅವರು. "ಇಲ್ಲ ನೋಡು," ಎಂದರು ಕೊನೆಗೆ. "ಬರದಿಲ್ಲ."

ಮನೆಗೆ ಬಂದು ಅಕ್ಕನಿಗೆ ಹೇಳಿದಾಗ ಅವಳು ನಂಬಲಿಲ್ಲ. ಏಳು ತಿಂಗಳು ಅವಳು ಕಾದದ್ದು ಆ ಒಂದು ಉತ್ತರಕ್ಕೆ. ನಳಿನಿಗೆ ಮರಳಿ ಹೋಗಲು ಏನೋ ಒಂದು ದೊಡ್ಡ ಕಾರಣ ಸಿಕ್ಕಿರಬೇಕು, ಅದು ಗೊತ್ತಾದರೆ ತನಗೂ ದಾರಿ ಕಂಡೀತು ಎಂದು ಅವಳು ನಂಬಿದ್ದಳು. ಹೇಳಿರಲಿಲ್ಲ, ಆದರೆ ನನಗೆ ಗೊತ್ತಿತ್ತು. ಓದುವವಳಿಗೆ ಇಷ್ಟು ದೊಡ್ಡ ಮೋಸ ಮಾಡಬಹುದೇ? ಅಂಥ ಹೊತ್ತಿನಲ್ಲಿ ಕರುವಿನ ಮೇಲೆ ಬಿದ್ದ ಬೆಳದಿಂಗಳು ಯಾರಿಗೆ ಬೇಕಾಗಿತ್ತು?

ಆ ಸಿಟ್ಟಿನಲ್ಲೇ ವಿಮರ್ಶೆ ಬರೆದೆ. "ಈ ಕಾದಂಬರಿಯಲ್ಲಿ ಒಂದು ಪುಟ ಇಲ್ಲ. ಅದು ಕಳೆದುಹೋಗಿಲ್ಲ, ಲೇಖಕರು ಅದನ್ನು ಬರೆದೇ ಇಲ್ಲ" ಎಂದು ಶುರು ಮಾಡಿದೆ. ನಳಿನಿಯ ಗಂಡನಿಗೆ ಹಲ್ಲುನೋವು ಬಂದಾಗ ಅವನ ಮನಸ್ಸಿನ ತಳಮಳಕ್ಕೆ ಲೇಖಕರು ಒಂದು ಪುಟ ಕೊಟ್ಟಿದ್ದಾರೆ. ನಳಿನಿ ಬದುಕುವುದೋ ಸಾಯುವುದೋ ತೀರ್ಮಾನವಾಗುವ ಕಡೆ ಅವಳ ಮನಸ್ಸಿಗೆ ಒಂದು ಸಾಲೂ ಇಲ್ಲ ಎಂದು ಬರೆದೆ. ಸರ್ ಓದಿಸಿದ್ದ ಇನ್ನೊಂದು ಸಣ್ಣ ಕಾದಂಬರಿಯನ್ನೂ ಎಳೆದು ತಂದೆ. ಅದರಲ್ಲಿ ಒಬ್ಬ ಮುದುಕಿ ಮೇಕೆ ಮಾರಲು ಹೊರಟು, ಮಾರಲೋ ಬೇಡವೋ ಎಂದು ದಾರಿಯುದ್ದಕ್ಕೂ ತನ್ನೊಳಗೇ ಜಗಳವಾಡುತ್ತಾಳೆ. ಆ ಲೇಖಕರು ಒಂದು ಮಾತೂ ಬಿಡದೆ ಬರೆದಿದ್ದಾರೆ. "ಮೇಕೆ ಮಾರುವ ಮುದುಕಿಗೆ ಸಿಕ್ಕ ಮರ್ಯಾದೆ ನಳಿನಿಗೆ ಸಿಗಲಿಲ್ಲ. ಅವಳನ್ನು ತ್ಯಾಗಮೂರ್ತಿ ಎನ್ನಲು ಬರುವುದಿಲ್ಲ. ತ್ಯಾಗ ಮಾಡುವವರು ಯೋಚಿಸಿ ಮಾಡುತ್ತಾರೆ. ಇವಳಿಗೆ ಯೋಚಿಸಲು ಬಿಟ್ಟಿಲ್ಲ" ಎಂದು ಮುಗಿಸಿದೆ.

ಸರ್ ಅದನ್ನು ಎರಡು ಸಲ ಓದಿದರು. "ನೀ ಬರದದ್ದು ಖರೆ ಐತಿ. ಆದ್ರ ಪರೀಕ್ಷಾದಾಗ ಹಿಂಗ ಬರದ್ರ ಯಾರೂ ನಂಬರ್ ಹಾಕಂಗಿಲ್ಲ. ತ್ಯಾಗಮೂರ್ತಿ ಅಂತ ಒಂದ್ ಮಾತು ಸೇರಸು" ಎಂದರು. ಸೇರಿಸಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಅದನ್ನೇ ಗದ್ವಾಲದ ಸ್ಪರ್ಧೆಗೆ ಕಳಿಸಿದರು. ಗಡಿ ಭಾಗದ ಕನ್ನಡ ಮಕ್ಕಳಿಗೆಂದು ಯಾರೋ ಹಿರಿಯರು ಸೇರಿ ನಡೆಸಿದ ಸ್ಪರ್ಧೆ ಅದು.

ಸಂಕ್ರಾಂತಿ ಮುಗಿದ ಮೇಲೆ ಸರ್ ನನ್ನನ್ನು ಬಹುಮಾನದ ಸಭೆಗೆ ಕರೆದೊಯ್ದರು. ಮಕ್ತಲ್ ದಾಟಿ, ಜುರಾಲಾ ಅಣೆಕಟ್ಟಿನ ಮೇಲೆ ಬಸ್ಸು ಹೋಗುವಾಗ ಕೃಷ್ಣೆಯ ತಣ್ಣನೆ ಗಾಳಿ ಕಿಟಕಿಯಿಂದ ನುಗ್ಗುತ್ತಿತ್ತು. ಅಕ್ಕ ಒಬ್ಬಳೇ ಕೈಚೀಲ ಹಿಡಿದು ಬಂದದ್ದು ಇದೇ ದಾರಿಯಲ್ಲಿ ಎಂದು ನೆನಪಾಯಿತು. ಗದ್ವಾಲದ ಸಭೆಯಲ್ಲಿ ತೀರ್ಪುಗಾರರು ಮಾತಾಡಿದರು. ದೂರದ ಊರಿನಿಂದ ಬಂದಿದ್ದ ನಿವೃತ್ತ ಅಧ್ಯಾಪಕರು, ಶಾಲು ಹೊದ್ದಿದ್ದರು. ಗಡಿಯ ಮಕ್ಕಳು ಕನ್ನಡ ಉಳಿಸಿಕೊಂಡಿದ್ದೇ ದೊಡ್ಡದು ಎಂದು ಮತ್ತೆ ಮತ್ತೆ ಹೇಳಿದರು. ನಾವೇನು ಭರಣಿಯಲ್ಲಿ ಇಟ್ಟ ಉಪ್ಪಿನಕಾಯಿಯೇ? ಮನೆಯಲ್ಲಿ ಜಗಳವಾಡುವ ಭಾಷೆ ಅದು ನಮಗೆ, ಯಾರೋ ಉಳಿಸಿ ಎಂದು ಕೊಟ್ಟದ್ದಲ್ಲ.

ಮೊದಲ ಬಹುಮಾನ "ತ್ಯಾಗಮೂರ್ತಿ ನಳಿನಿ" ಎಂಬ ಪ್ರಬಂಧಕ್ಕೆ ಹೋಯಿತು. ಆಮೇಲೆ ಅವರು ನನ್ನ ಹೆಸರು ಕರೆದರು.

"ಈ ಮಗು ಬಹಳ ಶ್ರದ್ಧೆಯಿಂದ ಬರೆದಿದೆ. ಆದರೆ ಪಾಪ, ಇವರ ಶಾಲೆಯ ಪ್ರತಿಯಲ್ಲಿ ಒಂದು ಪುಟವೇ ಕಳೆದುಹೋಗಿದೆಯಂತೆ. ಪುಟವಿಲ್ಲದ ಪುಸ್ತಕ ಓದಿ ತಪ್ಪು ಅಭಿಪ್ರಾಯಕ್ಕೆ ಬಂದಿದೆ. ಗಡಿ ಶಾಲೆಗಳ ಕಷ್ಟ ನೋಡಿ ನನಗೆ ಕಣ್ಣು ತುಂಬಿ ಬಂತು" ಎಂದು, ಅದೇ ಕಾದಂಬರಿಯ ಒಂದು ಹೊಸ ಪ್ರತಿಯನ್ನು ನನ್ನ ಕೈಗಿಟ್ಟರು. "ಪೂರ್ತಿ ಓದು ಮಗು." ಜನ ಚಪ್ಪಾಳೆ ತಟ್ಟಿದರು.

ಮೊದಲ ಸಾಲಿನಲ್ಲೇ ಬರೆದಿದ್ದೆನಲ್ಲ, ಕಳೆದಿಲ್ಲ ಎಂದು! ಅದನ್ನು ಓದುವಷ್ಟೂ ತಾಳ್ಮೆ ಇರಲಿಲ್ಲ ಆ ಮನುಷ್ಯನಿಗೆ. ಅಥವಾ ಓದಿದರೂ, ಕನ್ನಡದ ದೊಡ್ಡ ಲೇಖಕರು ತಪ್ಪಿದ್ದಾರೆ ಅನ್ನುವುದಕ್ಕಿಂತ ನಾರಾಯಣಪೇಟೆಯ ಹುಡುಗಿಯ ಪುಸ್ತಕ ಹರಿದಿದೆ ಅನ್ನುವುದು ಅವರಿಗೆ ಸಲೀಸಾಗಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋಟೋ ತೆಗೆದಾಗಿತ್ತು. ತಿರುಗಿ ಸರ್ ಕಡೆ ನೋಡಿದೆ. ಅವರು ತಮ್ಮ ಕಾಲಬೆರಳು ನೋಡುತ್ತ ಕುಳಿತಿದ್ದರು.

"ನೀವರ ಹೇಳಬೇಕಾಗಿತ್ತಲ್ರಿ ಸರ್, ಪುಟ ಎಲ್ಲಾ ಅದಾವು ಅಂತ" ಎಂದೆ, ಬಸ್ಸಿನಲ್ಲಿ.

"ಹಿರೇರು ಅವ್ವ. ಸಭಾದಾಗ ಎದುರು ಹ್ಯಾಂಗ ಮಾತಾಡೋದು?"

ಮಕ್ತಲ್ ಬಂತು. ಇಳಿಯುವಾಗ ಅವರು, "ಸಿಟ್ಟು ಮಾಡ್ಕೋಬ್ಯಾಡ" ಎಂದರು. ಮಾಡಿಕೊಂಡೇ ಇದ್ದೆ.

ಮನೆಗೆ ಬಂದ ಕೂಡಲೇ ಅಕ್ಕ ಹೊಸ ಪ್ರತಿ ಇಸಿದುಕೊಂಡು ನೇರ ಆ ಪುಟಕ್ಕೆ ಹೋದಳು. ಬಾಳೆಲೆ, ತುಳಸಿಕಟ್ಟೆ, ಕರು. ಹೊಸ ಕಾಗದದ ಮೇಲೆ ಅದೇ ಬೆಳದಿಂಗಳು. ಪುಸ್ತಕ ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಖರೇನ ಬರದಿಲ್ಲಬೇ" ಎಂದಳು. ಅವತ್ತು ಅವಳು ಅತ್ತಳು. ಬಂದ ದಿನ ಅತ್ತಿರಲಿಲ್ಲ.

ಅದಾದ ಮೇಲಿನ ಭಾನುವಾರ ಬೀಗರು ಬಂದರು. ಅಕ್ಕನ ಗಂಡ ಬಂದಿರಲಿಲ್ಲ. ಅವನ ಅಪ್ಪ ಮತ್ತು ಇನ್ನೊಬ್ಬ ಹಿರಿಯರು ಬಂದಿದ್ದರು. ಚಾಪೆ ಹಾಸಿ, ಚಹಾ ಕೊಟ್ಟಾಯಿತು. "ಅಮ್ಮಾಯಿನಿ ಪಂಪಂಡಿ ಬಾವಾ" ಎಂದರು ಬೀಗರು ತೆಲುಗಿನಲ್ಲಿ. ಹುಡುಗಿಯನ್ನು ಕಳಿಸಿಕೊಡಿ. ಅಷ್ಟೇ, ಇನ್ನೊಂದು ಮಾತಿಲ್ಲ, ಏನೋ ಎರವಲು ಕೊಟ್ಟ ಪಾತ್ರೆ ಕೇಳುವವರ ಹಾಗೆ. ಈರಣ್ಣ ಮಾವ ತಲೆಯಾಡಿಸಿದ.

"ನಡೀಯವ್ವ ಪದ್ಮಾ, ಜಲ್ದಿ ತಯಾರಾಗು. ಸಂಸಾರ ಅಂದಮ್ಯಾಲ ಇದ್ದದ್ದ. ಇಜ್ಜತ್ ಉಳೀಬೇಕು ನೋಡು."

ಅಕ್ಕ ಮಗ್ಗದ ಹತ್ತಿರದಿಂದ ಎದ್ದು ಬಂದಳು. ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ಸಿಕ್ಕಿಸಿಕೊಂಡಳು. ಹರಿದ ಕಿವಿ ಎಲ್ಲರಿಗೂ ಕಂಡಿತು.

"ಹೋಗ್ತೀನ್ರಿ ಮಾವ. ಯಾಕ ಹೋಗ್ಬೇಕು ಅನ್ನೋದು ಒಬ್ಬರು ಹೇಳ್ರಿ."

ಅಕ್ಕ ಬೀಗರ ಕಡೆ ತಿರುಗಿದಳು.

"ಅಂವ ಇನ್ನ ಕೈ ಎತ್ತಂಗಿಲ್ಲ ಅಂತ ಹೇಳಾಕ ಬಂದೀರೇನ್ರಿ? ಹಂಗರ ಹೇಳ್ರಿ. ಹೊಡದದ್ದು ತಪ್ಪಾತು ಅಂತ ಹೇಳಾಕ ಬಂದೀರೇನು? ಅದನ್ನರ ಹೇಳ್ರಿ. ಏನರ ಒಂದು ಕಾರಣ ಕೊಡ್ರಿ, ಕೇಳ್ತೀನಿ."

ಬೀಗರು ಸೂರಿನ ಕಡೆ ನೋಡಿದರು. ಜೊತೆಗೆ ಬಂದ ಹಿರಿಯರು ಖಾಲಿ ಲೋಟದಿಂದ ಚಹಾ ಕುಡಿದರು. ಮಗ್ಗ ನಿಂತಿತ್ತು; ಅಪ್ಪ ಕುಣಿಯಲ್ಲೇ ಕುಳಿತು ಕೇಳುತ್ತಿದ್ದರು. ಕೊನೆಗೆ ಈರಣ್ಣ ಮಾವ ಗಂಟಲು ಸರಿ ಮಾಡಿಕೊಂಡು, ಬೀಗರ ಕಡೆ ತಿರುಗಿ ಹೇಳಿದ:

"ಈ ಸಲ ಥಂಡಿ ಭಾಳ ಐತಿ ನೋಡ್ರಿ. ಮುಂಜಾನಿ ಮಂಜು ಬಿದ್ದು ತೊಗರಿ ಮ್ಯಾಲೆಲ್ಲಾ ಬೆಳ್ಳಗ ಕಾಣತೈತಿ."

ಅಕ್ಕ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೂ ನಗು ಉಕ್ಕಿ ಬಂತು.

"ಬಂತು ನೋಡಬೇ ರೇಣುಕಾ," ಎಂದಳು. "ಬೆಳದಿಂಗಳು ಬಂತು."

ಅದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಅರ್ಥವಾಗಲಿಲ್ಲ. ಹುಡುಗಿಯ ತಲೆ ಕೆಟ್ಟಿದೆ ಎಂದೇ ಬೀಗರು ಎಣಿಸಿರಬೇಕು. ಅಕ್ಕ ಅವರಿಗೆ ಕೈಮುಗಿದು, "ಉಂಡು ಹೋಗ್ರಿ. ನಾ ಬರಂಗಿಲ್ಲ" ಎಂದು ಹೇಳಿ ಒಳಗೆ ಹೋದಳು. ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಕುಣಿಯಿಂದ ನಿಧಾನವಾಗಿ ಎದ್ದು ಕೈ ಒರೆಸಿಕೊಂಡರು. "ಏಳ್ರಿ ಬೀಗರೇ, ಉಣ್ಣಾಕ ಕೂಡ್ರಿ. ಬಸ್ಸಿಗೆ ತಡ ಆದೀತು" ಎಂದರು. ಏಳು ತಿಂಗಳಲ್ಲಿ ಆ ವಿಷಯಕ್ಕೆ ಅಪ್ಪ ಆಡಿದ ಮೊದಲ ಮಾತು ಅದು. ಅಕ್ಕ ಹೋಗಲಿಲ್ಲ. ಈಗ ಅಪ್ಪನ ಪಕ್ಕದ ಮಗ್ಗ ಅವಳದು. ಓಣಿಯವರು ಇನ್ನೂ ಕೇಳುವುದನ್ನು ಬಿಟ್ಟಿಲ್ಲ.

ಪರೀಕ್ಷೆ ಮುಗಿದ ಮೇಲೆ ಸರ್ ನನ್ನಿಂದ ಮನೆಯ ಗಂಜಿ ತರಿಸಿ, ಕಟ್ಟುಗಳನ್ನೆಲ್ಲ ಮತ್ತೆ ಸೇರಿಸಿ ಹೊಲಿದು ಬೆನ್ನಿಗೆ ಹಚ್ಚಿದರು. ಗಂಜಿ ವಾಸನೆಯ ಆ ಪುಸ್ತಕವೇ, ಮೊನ್ನೆ ನಾನು ಪಾಠದ ಅಭ್ಯಾಸಕ್ಕೆಂದು ಶಾಲೆಗೆ ಹೋದಾಗಲೂ, ಅವರ ಮೇಜಿನ ಮೇಲಿತ್ತು. ಸರ್ ತಲೆ ಪೂರ್ತಿ ಬೆಳ್ಳಗಾಗಿದೆ. ಹತ್ತನೆಯವರಿಗೆ ಈ ಸಲವೂ ಅದೇ ಕಾದಂಬರಿ, ಮಾದರಿ ಉತ್ತರದಲ್ಲಿ ಅದೇ ತ್ಯಾಗಮೂರ್ತಿ. ನೋಡಿದ ಕೂಡಲೇ ಪಿತ್ತ ನೆತ್ತಿಗೇರಿತು.

"ಜ್ವಾಪಾನ ಓದಸವ್ವ. ಇನ್ನೊಮ್ಮಿ ಬಿಚ್ಚಿದ್ರ ಇದು ತಡ್ಯಂಗಿಲ್ಲ" ಎಂದರು.

ಚೀಲದಿಂದ ಗದ್ವಾಲದ ಬಹುಮಾನ ತೆಗೆದು ಮೇಜಿನ ಮೇಲಿಟ್ಟೆ. ಇಷ್ಟು ವರ್ಷ ಇಟ್ಟುಕೊಂಡಿದ್ದರೂ ಅದರ ಬೆನ್ನು ಹೊಸದಾಗಿಯೇ ಇತ್ತು.

"ಬ್ಲೇಡ್ ಐತೇನ್ರಿ ಸರ್?"

ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. ಯಾವ ಪ್ರತಿ ಎಂದು ಗುರುತು ಹಿಡಿದರು. ಖಾನೆ ಎಳೆದು ಬ್ಲೇಡ್ ಕೊಟ್ಟರು.

ಕೈಮುಗಿಯಲಿಲ್ಲ ನಾನು. ಬೆನ್ನು ಸೀಳಿ, ಕಟ್ಟುಗಳನ್ನು ಬೇರೆ ಮಾಡಿ ತರಗತಿಗೆ ಒಯ್ದೆ. ಕೊನೆಯದರ ಹಿಂದಿನ ಕಟ್ಟನ್ನು ಮೊದಲ ಬೆಂಚಿನ ಹುಡುಗಿಗೆ ಕೊಟ್ಟು, "ಇದರಾಗ ಒಂದು ಪುಟ ಇಲ್ಲ. ಯಾವುದು ಹುಡುಕಿ ಹೇಳು" ಎಂದೆ.

ಅವಳು ಬೆರಳಿಟ್ಟು ಸಂಖ್ಯೆಗಳನ್ನೆಲ್ಲ ನೋಡಿ, "ಎಲ್ಲಾ ಅದಾವಲ್ರಿ ಮಿಸ್" ಎಂದಳು.

"ಅದಾವು," ಎಂದೆ. "ಓದಿ ನೋಡು."